ಇದ್ದಷ್ಟು ಜಾಗದಲ್ಲಿ

'ಅಕ್ಷರ' ಎಂಬ ಪದವನ್ನು ಇಂದಿನ ಯೂನಿಕೋಡ್ ಕ್ರಮದಲ್ಲಿ ಗಣಕಯಂತ್ರದೊಳಗೆ ಉಳಿಸಿಡಲು ಸಾಮಾನ್ಯವಾಗಿ 15 ಬೈಟ್‌ಗಳಷ್ಟು ಸ್ಥಳ ಬೇಕು. ಆ ಪದವನ್ನು ಎಡೆಬಿಡದೆ 44 ಸಲ ಬರೆಯುವಷ್ಟರಲ್ಲಿ 660 ಬೈಟ್‌ಗಳು ಮುಗಿದುಹೋಗುತ್ತವೆ. ಹೆಚ್ಚುಕಡಿಮೆ ಅಷ್ಟೇ ಜಾಗದಲ್ಲಿ, ಎಂದರೆ 672 ಬೈಟ್‌ಗಳಲ್ಲಿ, ಡೇವಿಡ್ ಹಾರ್ನ್ ಎಂಬ ಇಂಗ್ಲೆಂಡಿನ ಪ್ರೋಗ್ರಾಮರ್ ಒಬ್ಬರು ನಮ್ಮೆದುರು ಕುಳಿತು ಚದುರಂಗವಾಡಬಲ್ಲ ಎದುರಾಳಿಯನ್ನೇ ಹಿಡಿಸಿಟ್ಟರು. ಅವರ ಪ್ರೋಗ್ರಾಂ 1982-83ರಲ್ಲಿ 'ಯುವರ್ ಕಂಪ್ಯೂಟರ್' ಎಂಬ ಬ್ರಿಟಿಷ್ ಪತ್ರಿಕೆಯಲ್ಲಿ ಅಚ್ಚಾಯಿತು.

ಅದು ಓಡುತ್ತಿದ್ದ ಯಂತ್ರದ ಹೆಸರು ಸಿಂಕ್ಲೇರ್ ಜಡ್‌ಎಕ್ಸ್81. 1981ರಲ್ಲಿ ಬಿಡುಗಡೆಯಾದಾಗ ಜೋಡಿಸಿದ ಯಂತ್ರದ ಬೆಲೆ 69.95 ಪೌಂಡ್, ಬಿಡಿಭಾಗಗಳನ್ನು ಕೊಂಡು ಮನೆಯಲ್ಲಿ ಬೆಸುಗೆ ಹಾಕಿಕೊಳ್ಳುವವರಿಗೆ 49.95 ಪೌಂಡ್. ಟಿವಿಗೆ ಜೋಡಿಸಿ ಬಳಸಬೇಕಾದ ಈ ಯಂತ್ರದಲ್ಲಿ ಬಳಕೆದಾರನಿಗೆಂದು ಇದ್ದ ಸ್ಮೃತಿ 1024 ಬೈಟ್ ಮಾತ್ರ. ಅದರಲ್ಲೂ ಯಂತ್ರದ ಸ್ವಂತ ಟಿಪ್ಪಣಿಗಳಿಗೆ ಒಂದು ಪಾಲು, ಪರದೆಯ ಮೇಲೆ ಕಾಣುವ ಅಕ್ಷರಗಳಿಗೆ ಇನ್ನೊಂದು ಪಾಲು ಹೋಗಬೇಕು. ಉಳಿದುದರಲ್ಲಿ ಹಾರ್ನ್ ಅವರು ಕುದುರೆಯ ನೆಗೆತವನ್ನೂ ರಾಣಿಯ ಓಟವನ್ನೂ ಎದುರಾಳಿಯ ನಡೆಗೆ ತಕ್ಕ ಉತ್ತರವನ್ನು ಹುಡುಕುವ ಬುದ್ಧಿಯನ್ನೂ ಇಟ್ಟರು. ಎಲ್ಲವೂ ಹಿಡಿಸಲಿಲ್ಲ. ರಾಜನೂ ಆನೆಯೂ ಸ್ಥಾನ ಬದಲಿಸುವ ಕ್ಯಾಸ್ಲಿಂಗ್ ಇರಲಿಲ್ಲ. ಕೊನೆಯ ಸಾಲು ಮುಟ್ಟಿದ ಕಾಲಾಳು ರಾಣಿಯಾಗುತ್ತಿರಲಿಲ್ಲ. ನನ್ನ ಗಮನ ನಿಲ್ಲುವುದು ಇಲ್ಲಿಯೇ. ಯಾವುದನ್ನು ಬಿಟ್ಟರೂ ಚದುರಂಗವು ಚದುರಂಗವಾಗಿಯೇ ಉಳಿಯುತ್ತದೆ, ಯಾವುದನ್ನು ಬಿಟ್ಟರೆ ಉಳಿಯುವುದಿಲ್ಲ ಎಂದು ಆತ ಒಂದೊಂದು ಬೈಟಿನ ಮುಂದೆಯೂ ನಿಂತು ತೀರ್ಮಾನಿಸಬೇಕಾಗಿತ್ತು.

ನಮ್ಮ ತಂದೆಯವರು ಮುದ್ರಣಾಲಯವೊಂದರಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ಆದುದರಿಂದ ಇಂಥ ಲೆಕ್ಕಾಚಾರ ನನಗೆ ತೀರ ಅಪರಿಚಿತವಲ್ಲ. ದೀರ್ಘ ಲೇಖನ ಬಂದ ದಿನ ಪೆಟ್ಟಿಗೆಯಲ್ಲಿ ಯಾವುದಾದರೊಂದು ಒತ್ತಕ್ಷರ ಮುಗಿದುಹೋಗುವುದಿತ್ತು. ಲೇಖಕರ ಪದವನ್ನು ತೆಗೆದು ಬೇರೊಂದನ್ನು ಹಾಕಿದರೆ ಕೆಲಸ ಸುಲಭ. ಆದರೆ ಆ ಅಧಿಕಾರ ತಮ್ಮದಲ್ಲವೆಂಬುದು ಅವರ ದೃಢವಾದ ನಿಲುವು. ನಾಲ್ಕು ಪುಟ ಅಚ್ಚಾಗುವವರೆಗೆ ಕಾದು, ಆ ಪುಟಗಳನ್ನು ಬಿಚ್ಚಿ, ಮೊಳೆಗಳನ್ನು ಮನೆಮನೆಗೆ ಹಿಂದಿರುಗಿಸಿ, ಅವೇ ಮೊಳೆಗಳಿಂದ ಮುಂದಿನ ನಾಲ್ಕು ಪುಟಗಳನ್ನು ಕಟ್ಟುತ್ತಿದ್ದರು. ಮನೆಗೆ ಬರುವಾಗ ಎಷ್ಟೋ ದಿನ ನಾವು ಮಕ್ಕಳು ಮಲಗಿರುತ್ತಿದ್ದೆವು. ಒಂದೇ ಜಾಗವನ್ನು ಒಂದು ಕೆಲಸ ಮುಗಿದೊಡನೆ ಮತ್ತೊಂದಕ್ಕೆ ಬಳಸುವ ಈ ಕ್ರಮವನ್ನೇ ಹಳೆಯ ಪ್ರೋಗ್ರಾಮರುಗಳೂ ಅನುಸರಿಸುತ್ತಿದ್ದರೆಂದು ತಿಳಿದಾಗ, ತಂದೆಯವರಿಗೆ ಹೇಳಲು ಅವರಿರಲಿಲ್ಲ.

ಇನ್ನೊಂದು ಯಂತ್ರವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಭಾರತ ಸರಕಾರ 1984ರಲ್ಲಿ ಆರಂಭಿಸಿದ 'ಕ್ಲಾಸ್' ಯೋಜನೆಯಡಿ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಗಣಕಗಳು ಬಂದವು. ನಾನು ಪಾಠ ಹೇಳುತ್ತಿದ್ದ ಶಾಲೆಯೂ ಅವುಗಳಲ್ಲೊಂದು. ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಹೋಗಬೇಕು. ಯಂತ್ರಕ್ಕೆ ಬಟ್ಟೆಯ ಹೊದಿಕೆ. ಮಕ್ಕಳು ಸರದಿಯಲ್ಲಿ ನಿಂತು ಅದರಿಂದ ಮಗ್ಗಿ ಹೇಳಿಸುತ್ತಿದ್ದರು. ಅದೇ ಯಂತ್ರದಲ್ಲಿ, 1984ರ ಸೆಪ್ಟೆಂಬರಿನಲ್ಲಿ, ಕೇಂಬ್ರಿಡ್ಜಿನ ಇಬ್ಬರು ವಿದ್ಯಾರ್ಥಿಗಳು ಎಂಟು ಗೆಲಾಕ್ಸಿಗಳನ್ನು ತೆರೆದಿಟ್ಟಿದ್ದರೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ.

ಆ ಯುವಕರು ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್; ಆಟದ ಹೆಸರು 'ಎಲೀಟ್'. ಆಟಗಾರನು ನೌಕೆಯಲ್ಲಿ ಕುಳಿತು ಗ್ರಹದಿಂದ ಗ್ರಹಕ್ಕೆ ಸರಕು ಸಾಗಿಸಿ ವ್ಯಾಪಾರ ಮಾಡಬೇಕು. ಒಂದೊಂದು ಗೆಲಾಕ್ಸಿಯಲ್ಲಿ 256ರಂತೆ ಒಟ್ಟು 2048 ಗ್ರಹಗಳು. ಪ್ರತಿಯೊಂದಕ್ಕೂ ಹೆಸರು, ಸ್ಥಾನ, ಆಡಳಿತ ಪದ್ಧತಿ, ಜನಸಂಖ್ಯೆ, ಪೇಟೆಯ ಧಾರಣೆ. ಯಂತ್ರದ ಸ್ಮೃತಿಯೋ ಕೇವಲ 32 ಕಿಲೋಬೈಟ್. ಇವನ್ನೆಲ್ಲ ಬರೆದಿಡಲು ಸಾಧ್ಯವೇ ಇರಲಿಲ್ಲ. ಅವರು ಬರೆದಿಡಲೂ ಇಲ್ಲ. ಮೂರು ಸಂಖ್ಯೆಗಳನ್ನು, ಎಂದರೆ ಆರೇ ಆರು ಬೈಟ್‌ಗಳನ್ನು, ಬೀಜವಾಗಿ ಇಟ್ಟುಕೊಂಡರು. ಮೂರನ್ನೂ ಕೂಡಿಸಿದರೆ ಮುಂದಿನ ಸಂಖ್ಯೆ. ಹಳೆಯದೊಂದನ್ನು ಕೈಬಿಟ್ಟು ಮತ್ತೆ ಕೂಡಿಸಿದರೆ ಅದರ ಮುಂದಿನದು. ಹೀಗೆ ಹುಟ್ಟಿದ ಸಂಖ್ಯೆಗಳಿಂದಲೇ ಗ್ರಹದ ಸಂಗತಿಗಳೆಲ್ಲ ಹೊರಡುತ್ತವೆ. ಎರಡೆರಡು ಅಕ್ಷರಗಳ ತುಣುಕುಗಳು ಕೂಡಿ ಲೇವ್, ಡಿಸೋ ಮುಂತಾದ ಹೆಸರುಗಳಾಗುತ್ತವೆ. ಬೀಜ ಒಂದೇ ಆದುದರಿಂದ ಎಷ್ಟು ಸಲ ಕೇಳಿದರೂ ಉತ್ತರವೂ ಒಂದೇ.

ಪರದೆಯದು ಮತ್ತೊಂದು ಕಥೆ. ಆ ಯಂತ್ರ ಸೂಕ್ಷ್ಮ ಗೆರೆಗಳನ್ನು ತೋರಿಸಿದರೆ ಬಣ್ಣ ಕಡಿಮೆ. ಬಣ್ಣ ಹೆಚ್ಚಿದರೆ ಗೆರೆ ದಪ್ಪ. ಟಿವಿಯು ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಬಿಡಿಸುತ್ತದೆಯಲ್ಲವೇ? ಅರ್ಧ ದಾರಿಯಲ್ಲಿ ಸರಿಯಾದ ಕ್ಷಣ ನೋಡಿ ಯಂತ್ರದ ಚಿತ್ರಕ್ರಮವನ್ನೇ ಬದಲಿಸಿಬಿಟ್ಟರು. ಮೇಲೆ ಸೂಕ್ಷ್ಮ ಗೆರೆಗಳ ಬಾಹ್ಯಾಕಾಶ, ಕೆಳಗೆ ಬಣ್ಣದ ಫಲಕ. ಸೆಕೆಂಡಿಗೆ 50 ಬಾರಿ ಈ ಬದಲಾವಣೆ ನಡೆಯುತ್ತಿದ್ದರೂ ನೋಡುವವನಿಗೆ ಸುಳಿವಿಲ್ಲ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ನನ್ನ ತಂಗಿಯ ಮಗನ ಮುಂದೆ ಇದನ್ನೆಲ್ಲ ಹೇಳಿದೆ. "ಮಾವ, ಈಗ ಮೆಮೊರಿ ಅಗ್ಗ, ನಮ್ಮ ಸಮಯವೇ ದುಬಾರಿ. ಒಂದು ಬೈಟ್ ಉಳಿಸಲು ಒಂದು ದಿನ ಕುಳಿತರೆ ನನ್ನನ್ನು ಮನೆಗೆ ಕಳಿಸುತ್ತಾರೆ" ಎಂದ. ಅವನ ಮಾತಿನಲ್ಲಿ ನ್ಯಾಯವಿದೆ. ಕೊರತೆಯೇ ಶ್ರೇಷ್ಠವೆಂದು ಹಾಡಿ ಹೊಗಳುವ ಹಿರಿಯರ ಸಾಲಿಗೆ ನಾನು ಸೇರುವವನಲ್ಲ. ರಾತ್ರಿಯ ಮಂದ ಬೆಳಕಿನಲ್ಲಿ ಮೊಳೆ ಹುಡುಕಿದ ತಂದೆಯವರ ಕಣ್ಣು ಏನಾಯಿತೆಂಬುದನ್ನು ನಾನು ಬಲ್ಲೆ. ಆದರೂ ಅವನೇ ಮರುದಿನ ಫೋನ್ ಮಾಡಿ, ಒಲಿವಿಯೆ ಪೌಡಾಡ್ ಎಂಬ ಫ್ರೆಂಚ್ ಪ್ರೋಗ್ರಾಮರ್ 2015ರಲ್ಲಿ 487 ಬೈಟ್‌ಗಳ ಚದುರಂಗವೊಂದನ್ನು ಹೊರತಂದುದನ್ನು ತಿಳಿಸಿದ. ಬೇಕಾದಷ್ಟು ಜಾಗವಿದ್ದ ಕಾಲದಲ್ಲಿ ಹಾಗೆ ಮಾಡಬೇಕಾದ ಅಗತ್ಯ ಆತನಿಗೆ ಕಿಂಚಿತ್ತೂ ಇರಲಿಲ್ಲ.

ಎಲೀಟ್ ಆಟದ ಒಂದು ಸಂಗತಿಯನ್ನು ಅವನಿಗೆ ಆಗ ಹೇಳಿದೆ. ಅದೇ ಬೀಜದ ಉಪಾಯದಿಂದ ಸುಮಾರು 281 ಲಕ್ಷ ಕೋಟಿ ಗೆಲಾಕ್ಸಿಗಳನ್ನು ಹುಟ್ಟಿಸಬಹುದಾಗಿತ್ತು. ಆ ಯುವಕರ ಮೊದಲ ಆಲೋಚನೆಯೂ ಅದೇ ಆಗಿತ್ತು. ಅಷ್ಟನ್ನು ಕೊಟ್ಟರೆ ಅವೆಲ್ಲ ಬರಿಯ ಲೆಕ್ಕದಿಂದ ಹುಟ್ಟಿದವೆಂಬುದು ಆಟಗಾರನಿಗೆ ಎದ್ದು ಕಾಣುತ್ತದೆ ಎಂದು ಪ್ರಕಾಶಕರಾದ ಏಕಾರ್ನ್‌ಸಾಫ್ಟ್‌ನವರು ಅವರನ್ನು ಒಪ್ಪಿಸಿದರು. ಯಂತ್ರದಲ್ಲಿ ಜಾಗದ ತಕರಾರು ಏನೂ ಇರಲಿಲ್ಲ. ಎಂಟನ್ನು ಉಳಿಸಿಕೊಂಡು ಮಿಕ್ಕುದನ್ನು ಬಿಟ್ಟುಬಿಟ್ಟರು.