ಚಿತ್ರಕಲೆಯ ತಾಸು

ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಸೂಚಿಸಿದಾಗ, ಕನ್ನಡ ಪಂಡಿತನಾದ ನನ್ನಿಂದ ಅವರು ವ್ಯಾಕರಣವನ್ನೋ ಹಳಗನ್ನಡ ಕಾವ್ಯವನ್ನೋ ಕುರಿತ ಬರೆಹವನ್ನು ನಿರೀಕ್ಷಿಸಿದ್ದಿರಬಹುದು. ನಾನು ಆರಿಸಿಕೊಂಡ ವಿಷಯವಾದರೋ ಪ್ರೌಢಶಾಲೆಯಲ್ಲಿ ಚಿತ್ರಕಲೆಯ ಬೋಧನೆ. ಗುರುಗಳ ಸನ್ನಿಧಿಯಲ್ಲಿ ಕುಳಿತು ಛಂದಸ್ಸು, ಅಲಂಕಾರ, ಶಬ್ದಶಾಸ್ತ್ರಗಳನ್ನು ಓದಿ ವಿದ್ವಾನ್ ಪದವಿ ಪಡೆದವನಿಗೆ ಕುಂಚದ ಗೊಡವೆ ಏಕೆಂದು ವಾಚಕರು ಕೇಳುವುದು ಸಹಜ. ಅದಕ್ಕೆ ಉತ್ತರ ಹೇಳುವುದೇ ಈ ಲೇಖನದ ಉದ್ದೇಶ.

ಕೆಲವು ವರ್ಷಗಳ ಹಿಂದೆ ನಮ್ಮ ಚಿತ್ರಕಲಾ ಶಿಕ್ಷಕರು ವಯೋನಿವೃತ್ತಿ ಹೊಂದಿದರು. ಅವರ ಸ್ಥಾನಕ್ಕೆ ಹೊಸಬರು ಬರುವುದು ತಡವಾಯಿತು. ವೇಳಾಪಟ್ಟಿಯಲ್ಲಿ ಚಿತ್ರಕಲೆ ಎಂಬ ಹೆಸರು ಉಳಿದಿತ್ತು. ಆ ತಾಸಿಗೆ ಒಡೆಯರಿರಲಿಲ್ಲ. ಹತ್ತನೆಯ ತರಗತಿಯ ಪರೀಕ್ಷೆಯ ಒಟ್ಟು ೬೨೫ ಅಂಕಗಳಲ್ಲಿ ಚಿತ್ರಕಲೆಗೆ ಒಂದು ಅಂಕವೂ ಇಲ್ಲವಾದ್ದರಿಂದ, ಆ ತಾಸನ್ನು ಗಣಿತದ ಪುನರಾವರ್ತನೆಗೆ ಬಿಟ್ಟುಕೊಡುವುದು ಲೇಸೆಂದು ಸಹೋದ್ಯೋಗಿಗಳಲ್ಲಿ ಕೆಲವರು ಸೂಚಿಸಿದರು. ಅವರದು ಮಕ್ಕಳ ಹಿತವನ್ನು ಬಯಸಿದ ಮಾತೇ ಹೊರತು ಬೇರೆಯಲ್ಲ. ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ಹೊಸ ಶಿಕ್ಷಕರು ಬರುವವರೆಗೆ ಎಂಟನೆಯ ತರಗತಿಯ ಆ ತಾಸನ್ನು ನನಗೆ ವಹಿಸಬೇಕೆಂದು ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡೆ.

ನನಗೆ ಆ ಧೈರ್ಯ ಬಂದುದು ಕನ್ನಡದ ಒಂದು ಕ್ರಿಯಾಪದದಿಂದ. ನಾವು ಅಕ್ಷರವನ್ನು ‘ಬರೆ’ಯುತ್ತೇವೆ, ಚಿತ್ರವನ್ನೂ ‘ಬರೆ’ಯುತ್ತೇವೆ. ಸಂಸ್ಕೃತದಲ್ಲಿಯೂ ‘ಲಿಖ್’ ಎಂಬ ಒಂದೇ ಧಾತುವಿನಿಂದ ಲೇಖನವೂ ಹುಟ್ಟಿತು, ಚಿತ್ರವೆಂಬ ಅರ್ಥದ ಆಲೇಖ್ಯವೂ ಹುಟ್ಟಿತು. ಎರಡಕ್ಕೂ ಬೇಕಾದುದು ಕಂಡುದನ್ನು ಗೆರೆಗೆ ಇಳಿಸುವ ಕೈ. ಅದಕ್ಕೂ ಮೊದಲು ಬೇಕಾದುದು ಕಾಣುವ ಕಣ್ಣು. ಬಣ್ಣದ ಕೆಲಸವನ್ನು ಅರಿಯದಿದ್ದರೂ ಆ ಕಣ್ಣನ್ನು ತಿದ್ದುವ ಕೆಲಸಕ್ಕೆ ಭಾಷಾಶಿಕ್ಷಕನು ಹೊರಗಿನವನಲ್ಲವೆಂದು ನನಗೆ ತೋರಿತು.

ದಾರಿ ತೋರಿದುದು ನಮ್ಮ ನೆಲದಲ್ಲಿಯೇ ಹುಟ್ಟಿದ ಒಂದು ಗ್ರಂಥ. ಕಲ್ಯಾಣವನ್ನು ರಾಜಧಾನಿಯಾಗಿ ಉಳ್ಳ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ, ಒಟ್ಟು ೧೦೦ ಅಧ್ಯಾಯಗಳಲ್ಲಿ ರಾಜನೀತಿ, ಆನೆ, ಕುದುರೆ, ಅಡುಗೆ, ಸಂಗೀತ, ಆಟಪಾಟಗಳೆಲ್ಲ ಅದರಲ್ಲಿ ಅಡಕವಾಗಿವೆ. ಮೂರನೆಯ ವಿಂಶತಿಯಲ್ಲಿ ಚಿತ್ರಕರ್ಮದ ವಿವರಣೆ ಬರುತ್ತದೆ. ಗೋಡೆಯನ್ನು ನುಣುಪುಗೊಳಿಸುವ ಬಗೆ, ಚರ್ಮವನ್ನು ಕುದಿಸಿ ವಜ್ರಲೇಪವೆಂಬ ಅಂಟನ್ನು ಮಾಡುವ ಕ್ರಮ, ಕರುವಿನ ಕಿವಿಯ ಕೂದಲನ್ನು ಅರಗಿನಿಂದ ಬಿಗಿದು ಕುಂಚ ಕಟ್ಟುವ ರೀತಿ, ಹೀಗೆ ಕೈಕೆಲಸದವನ ಮಾತನ್ನು ಚಕ್ರವರ್ತಿಯು ಶ್ಲೋಕಗಳಲ್ಲಿ ಹೇಳಿದ್ದಾನೆ. ಅದನ್ನು ಓದುವಾಗ ಆಸ್ಥಾನದ ಚಿತ್ರಕಾರನೊಬ್ಬನ ಪಕ್ಕದಲ್ಲಿ ಕುಳಿತು ಕೇಳಿ ಬರೆದಂತೆ ನನಗೆ ಭಾಸವಾಗುತ್ತದೆ.

ಮಕ್ಕಳಲ್ಲಿ ಬಣ್ಣದ ಪೆಟ್ಟಿಗೆ ಇದ್ದವರು ಕೆಲವರೇ. ಮೊದಲ ರೇಖೆಯನ್ನು ಎಳೆಯಲು ದೀಪದ ಕಾಡಿಗೆಯನ್ನು ಅನ್ನದ ಅಗುಳಿನೊಡನೆ ಅರೆದು ಬತ್ತಿಯಂತೆ ಹೊಸೆದ ವರ್ತಿಕೆಯನ್ನು ಬಳಸಬೇಕೆಂದು ಆ ಗ್ರಂಥ ಹೇಳುತ್ತದೆ. ನಾವು ಅದನ್ನೇ ಮಾಡಿದೆವು. ಮಕ್ಕಳು ಮನೆಯಿಂದ ಕಾಡಿಗೆ ತಂದರು. ಬಿಸಿಯೂಟದ ಅನ್ನದಲ್ಲಿ ನಾಲ್ಕು ಅಗುಳು ಮಿಗಿಸಿದರು. ಕೈಯೆಲ್ಲ ಕಪ್ಪಾಯಿತು. ನೆರಳಿನಲ್ಲಿ ಒಣಗಿದ ಬತ್ತಿಗಳಲ್ಲಿ ಅರ್ಧದಷ್ಟು ಮುರಿದವು. ಉಳಿದವು ಹಳೆಯ ಉತ್ತರ ಪತ್ರಿಕೆಗಳ ಹಿಂಬದಿಯಲ್ಲಿ ಒಳ್ಳೆಯ ಕಪ್ಪು ಗೆರೆಯನ್ನು ಎಳೆದವು. ಬಡತನವೇ ನಮಗೆ ಶಾಸ್ತ್ರದ ಮೊದಲ ಪಾಠವನ್ನು ಕಲಿಸಿತು.

ಆಮೇಲೆ ಒಂದು ಶನಿವಾರ ಮಕ್ಕಳನ್ನು ನಾರಾಯಣಪುರಕ್ಕೆ ಕರೆದೊಯ್ದೆ. ಬಸವಕಲ್ಯಾಣದಿಂದ ಒಂದು ಹರದಾರಿಯೂ ಇಲ್ಲದ ಆ ಗ್ರಾಮದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿವಾಲಯವಿದೆ. ಅದರ ಸ್ತ್ರೀಮೂರ್ತಿಗಳ ಸೊಬಗು ಬಲ್ಲವರ ಬಾಯಲ್ಲಿದೆ. ನಮ್ಮ ಮಕ್ಕಳಲ್ಲಿ ಅನೇಕರು ಆ ಗುಡಿಯ ಮುಂದೆ ಆಡಿ ಬೆಳೆದವರೇ. ಹೊರಡುವ ಮೊದಲು ‘ನಾರಾಯಣಪುರದ ದೇವಾಲಯ’ ಎಂಬ ವಿಷಯದ ಮೇಲೆ ಪ್ರಬಂಧ ಬರೆಸಿದ್ದೆ. ಒಂದೊಂದು ಪ್ರಬಂಧದಲ್ಲಿಯೂ ದೇವಾಲಯವು ‘ಅತ್ಯಂತ ಸುಂದರವಾಗಿದೆ’, ಶಿಲ್ಪಗಳು ‘ಕಣ್ಮನ ಸೆಳೆಯುತ್ತವೆ’. ವಾಕ್ಯದಲ್ಲಿ ವ್ಯಾಕರಣದೋಷವಿರಲಿಲ್ಲ, ದೇವಾಲಯವೂ ಇರಲಿಲ್ಲ.

ಮೂರ್ತಿಯನ್ನು ಮುಟ್ಟಬಾರದೆಂದು ಹೇಳಿ ಮಕ್ಕಳನ್ನು ಸ್ವಲ್ಪ ದೂರದಲ್ಲಿ ಕೂರಿಸಿದೆ. ಪ್ರತಿಯೊಬ್ಬರ ಕೈಯಲ್ಲಿಯೂ ತುದಿಗೆ ಕಲ್ಲು ಕಟ್ಟಿದ ಒಂದು ದಾರವಿತ್ತು. ಮಾನಸೋಲ್ಲಾಸವು ಬ್ರಹ್ಮಸೂತ್ರವೆಂದು ಹೇಳುವ ನೇರ ಗೆರೆಯು ಕೂದಲಿನ ಅಂಚಿನಿಂದ ಹುಬ್ಬುಗಳ ನಡುವೆ ಇಳಿದು, ಮೂಗಿನ ತುದಿ, ಗದ್ದ, ಎದೆ, ಹೊಕ್ಕುಳುಗಳನ್ನು ಹಾದು ಪಾದಗಳ ನಡುವೆ ನಿಲ್ಲುತ್ತದೆ. ನೆಟ್ಟಗೆ ಎದುರಾಗಿ ನಿಂತ ರೂಪದಲ್ಲಿ ಎಡಬಲದ ಪಕ್ಷಸೂತ್ರಗಳು ಅದರಿಂದ ಆರಾರು ಅಂಗುಲ ದೂರ. ರೂಪವು ಹೊರಳಿದಂತೆ ಒಂದು ಬದಿಯ ಅಂತರ ಹಿಗ್ಗುತ್ತದೆ, ಇನ್ನೊಂದು ಬದಿಯದು ಕುಗ್ಗುತ್ತದೆ. ಮಕ್ಕಳು ಒಂದು ಕಣ್ಣು ಮುಚ್ಚಿ ದಾರವನ್ನು ಮೂರ್ತಿಯ ನೇರಕ್ಕೆ ಹಿಡಿದರು. ನೇರವೆಂದು ತಿಳಿದಿದ್ದ ಮೈ ನೇರವಾಗಿರಲಿಲ್ಲ. ಸೊಂಟವು ದಾರದ ಒಂದು ಬದಿಗೆ ಸರಿದಿತ್ತು, ಹೆಗಲು ಇನ್ನೊಂದು ಬದಿಗೆ. ಭಾರವೆಲ್ಲ ಒಂದೇ ಹಿಮ್ಮಡಿಯ ಮೇಲೆ. “ಗುರುಗಳೇ, ಇನ್ನೊಂದು ಕಾಲನ್ನು ಎತ್ತಿದರೂ ಈಕೆ ಬೀಳುವುದಿಲ್ಲ” ಎಂದು ಒಬ್ಬ ಹುಡುಗಿ ಕೂಗಿದಳು. ತ್ರಿಭಂಗಿ ಎಂಬ ಶಬ್ದವನ್ನು ನಾನು ಹೇಳಿದುದು ಅದಾದ ಮೇಲೆ.

ಮರುವಾರ ಅದೇ ವಿಷಯದ ಮೇಲೆ ಮತ್ತೆ ಪ್ರಬಂಧ ಬರೆಸಿದೆ. ‘ಅತ್ಯಂತ ಸುಂದರ’ ಬಹುಮಟ್ಟಿಗೆ ಮಾಯವಾಗಿತ್ತು. ಅದರ ಸ್ಥಾನದಲ್ಲಿ ಮಡಿಸಿದ ಮೊಣಕಾಲು, ತುಂಡಾದ ಕೈ, ನೆರಳು ಬಿದ್ದ ಕೊರಳು ಇದ್ದವು. ಶುದ್ಧಲೇಖನದಲ್ಲಿ ಸದಾ ಹಿಂದುಳಿಯುತ್ತಿದ್ದ ಒಬ್ಬ ಹುಡುಗ ಮೂರ್ತಿಯ ಸೆರಗಿನ ಗೆರೆಗಳನ್ನು ಒಂದೊಂದಾಗಿ ಎಣಿಸಿ ಬರೆದಿದ್ದ. ದ ಮತ್ತು ಧ, ಪ ಮತ್ತು ಫ ಅವನಿಗೆ ಎಂದೂ ಒಂದೇ. ಅವನನ್ನು ಕರೆದು, ಈ ಅಕ್ಷರಗಳನ್ನೂ ಮೂರ್ತಿಯಂತೆಯೇ ನೋಡಿ ಚಿತ್ರವಾಗಿ ಬರೆ ಎಂದೆ. ಹೊಟ್ಟೆಯ ಕೆಳಗಿನ ಆ ಸಣ್ಣ ಸೀಳನ್ನು ಅವನು ಅಂದು ಕಂಡ. ಅವನ ತಪ್ಪುಗಳೆಲ್ಲ ಅಂದೇ ಅಳಿದವೆಂದು ಹೇಳಲಾರೆ. ಆದರೆ ಅಂದಿನಿಂದ ಬರೆದುದನ್ನು ತಿರುಗಿ ನೋಡುವ ಅಭ್ಯಾಸ ಅವನಿಗಾಯಿತು.

ಹುಮನಾಬಾದ ತಾಲ್ಲೂಕಿನ ಜಲಸಂಗಿಯ ದೇವಾಲಯವನ್ನು ಕಂಡವರಿಗೆ ಈ ಮಾತು ಹೊಸದಲ್ಲ. ಅಲ್ಲಿನ ಪ್ರಸಿದ್ಧ ಶಿಲಾಬಾಲಿಕೆಯು ಚಾಲುಕ್ಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತಿರುವಂತೆ ಕಡೆಯಲ್ಪಟ್ಟಿದ್ದಾಳೆ. ಅಕ್ಷರವೂ ರೂಪವೂ ಆ ಒಂದೇ ಕಲ್ಲಿನಲ್ಲಿ ಉಳಿದಿವೆ.

ವಿನ್ಯಾಸವನ್ನು ಕಲಿಸುವುದಕ್ಕೆ ನಾನು ಹೆಚ್ಚು ಶ್ರಮಪಡಬೇಕಾಗಲಿಲ್ಲ. ಮಾನಸೋಲ್ಲಾಸವು ಹೇಳುವ ಚಿತ್ರಭೇದಗಳಲ್ಲಿ ಧೂಳಿಚಿತ್ರವೂ ಒಂದು. ಬಣ್ಣದ ಪುಡಿಗಳಿಂದ ಬರೆಯುವ ಆ ಚಿತ್ರವನ್ನು ನಮ್ಮ ಹೆಣ್ಣುಮಕ್ಕಳು ದಿನವೂ ಬೆಳಿಗ್ಗೆ ಅಂಗಳದಲ್ಲಿ ರಂಗೋಲಿಯಾಗಿ ಬರೆಯುತ್ತಾರೆ. ಚುಕ್ಕಿಗಳ ಲೆಕ್ಕ, ಎಡಬಲಗಳ ಸಮತೆ, ಒಂದು ಎಳೆ ಇನ್ನೊಂದರ ಕೆಳಗೆ ನುಸುಳುವ ಕ್ರಮ ಎಲ್ಲವೂ ಅವರ ಬೆರಳಲ್ಲಿದ್ದವು. ಗಣಿತದ ಮಾಸ್ತರರನ್ನೇ ಆ ತಾಸಿಗೆ ಕರೆದೆ. ಸಮಮಿತಿಯ ಪಾಠವನ್ನು ಅವರು ರಂಗೋಲಿಯ ಮೇಲೆಯೇ ಮಾಡಿದರು.

ಚಿತ್ರಕಲೆ ಹೊಟ್ಟೆಗೆ ಹಿಟ್ಟು ಕೊಡುವುದೇ ಎಂದು ಪಾಲಕರು ಕೇಳುತ್ತಾರೆ. ನಮ್ಮ ಜಿಲ್ಲೆಯ ಬಿದರಿ ಕೆಲಸವನ್ನೇ ನೋಡೋಣ. ಸತುವು ತಾಮ್ರಗಳ ಎರಕದ ಪಾತ್ರೆಗೆ ಮೈಲುತುತ್ತದ ನೀರನ್ನು ಬಳಿದು ಕಪ್ಪಾಗಿಸಿ, ಕುಶಲಕರ್ಮಿಯು ಅದರ ಮೇಲೆ ಮೊನೆಯಿಂದ ಹೂಬಳ್ಳಿಯನ್ನು ಬರೆಯುತ್ತಾನೆ. ಆ ಗೆರೆಯನ್ನು ಕೊರೆದು ಬೆಳ್ಳಿಯನ್ನು ಕೂಡಿಸುತ್ತಾನೆ. ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣು ಪಾತ್ರೆಗೆ ಅಳಿಯದ ಕಪ್ಪನ್ನು ಕೊಡುತ್ತದೆ. ಮೊದಲ ಗೆರೆ ಕೆಟ್ಟರೆ ಬೆಳ್ಳಿಯೂ ಕೆಟ್ಟಂತೆಯೇ. ಆ ಕಲೆಗಾಗಿ ಬೀದರದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ೨೦೨೩ರಲ್ಲಿ ಪದ್ಮಶ್ರೀ ದೊರೆಯಿತು. ಕಲಬುರಗಿಯಲ್ಲಿ ಹುಟ್ಟಿದ ಎಸ್. ಎಂ. ಪಂಡಿತರ (೧೯೧೬–೧೯೯೩) ಚಿತ್ರಗಳು ಕ್ಯಾಲೆಂಡರುಗಳಾಗಿ ನಮ್ಮ ಹಿರಿಯರ ಮನೆಗಳ ಗೋಡೆಗಳನ್ನು ಅಲಂಕರಿಸಿದ್ದವು. ಎಲ್ಲ ಮಕ್ಕಳೂ ಅವರಂತಾಗುವುದಿಲ್ಲ ನಿಜ. ಕನ್ನಡ ಕಲಿತ ಮಕ್ಕಳೆಲ್ಲರೂ ಕವಿಗಳಾಗುವುದಿಲ್ಲ. ಹಾಗೆಂದು ಕನ್ನಡದ ತಾಸನ್ನು ಯಾರೂ ತೆಗೆಯುವುದಿಲ್ಲ.

ನಾನು ಮಾಡಿದುದು ಪಂಡಿತನೊಬ್ಬನಿಂದ ಆಗುವಷ್ಟು ಮಾತ್ರ. ವರ್ಣಸಂಯೋಜನೆ, ಛಾಯೆ, ದೂರಸಾಮೀಪ್ಯಗಳ ಯಥಾರ್ಥ ದರ್ಶನ ಇವನ್ನು ಆ ವಿದ್ಯೆಯಲ್ಲಿ ತರಬೇತಿ ಪಡೆದವರೇ ಕಲಿಸಬೇಕು. ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲಾಶಿಕ್ಷಣ ಕಡ್ಡಾಯವಾಗಿರಬೇಕೆಂದಿತು. ೨೦೦೯ರ ಶಿಕ್ಷಣ ಹಕ್ಕು ಕಾಯ್ದೆಯು ೧೦೦ಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗಳಲ್ಲಿ ಆರರಿಂದ ಎಂಟನೆಯ ತರಗತಿಗಳಿಗೆ ಅರೆಕಾಲಿಕ ಕಲಾಬೋಧಕರಾದರೂ ಇರಬೇಕೆಂದು ವಿಧಿಸಿತು. ಅಕ್ಷರದಲ್ಲಿರುವುದು ಕೊಠಡಿಗೆ ಬರಬೇಕಾದರೆ ಶಾಲೆಯನ್ನು ನಡೆಸುವವರ ಮನಸ್ಸೂ ಹಿತೈಷಿಗಳ ಕೈಯೂ ಕೂಡಬೇಕು.

ಆದುದರಿಂದ ಈ ಸಂಚಿಕೆಯನ್ನು ಓದುವ ಮಹನೀಯರಲ್ಲಿ ನನ್ನದೊಂದು ಬಿನ್ನಹ. ದಾನಿಗಳು ಕೊಠಡಿಗಳನ್ನು ಕಟ್ಟಿಸಿಕೊಟ್ಟಿದ್ದೀರಿ. ಅವುಗಳಲ್ಲಿ ಒಂದಕ್ಕೆ ಉತ್ತರದ ಬೆಳಕು ಬರುವ ಕಿಟಕಿಯನ್ನು ಇರಿಸಿ, ಅದನ್ನು ಚಿತ್ರಶಾಲೆ ಎನ್ನೋಣ. ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಕಾಗದ, ಪೆನ್ಸಿಲು, ಬಣ್ಣಗಳನ್ನು ಒದಗಿಸಿದರೆ ಸಾಕು. ಸಹೋದ್ಯೋಗಿಗಳಲ್ಲಿ ನಾನು ಬೇಡುವುದು ಇನ್ನೂ ಅಲ್ಪ: ಪರೀಕ್ಷೆ ಹತ್ತಿರವಾದಾಗ ಆ ಒಂದು ತಾಸಿನ ಕಡೆಗೆ ಕೈ ಚಾಚದಿರಿ. ಸೋಮೇಶ್ವರನ ಕಲ್ಯಾಣದ ಮಗ್ಗುಲಲ್ಲಿ ಬೆಳೆಯುವ ಮಕ್ಕಳಿಗೆ ವಾರಕ್ಕೆ ನಲವತ್ತು ನಿಮಿಷ ನೋಡುವ ಅವಕಾಶವನ್ನಾದರೂ ಉಳಿಸಿಕೊಡೋಣ.