ವೈಕುಂಠದ ತಟ್ಟೆ, ಆರು ಜೊತೆ ಬಟ್ಟೆ

"ಪೋಷಕರ ಗಮನಕ್ಕೆ" ಎಂದು ಶುರುವಾಗುವ ಯಾವ ಕಾಗದ ಕಂಡರೂ ನನಗೆ ಸಣ್ಣಗೆ ಬೆವರುತ್ತದೆ. ಶಾಲೆಯಿಂದ ಬಂದರೆ ಫೀಸು, ಶಾಲೆಯ ಬಸ್ಸಿನವರಿಂದ ಬಂದರೆ ಜಾಸ್ತಿಯಾದ ಫೀಸು. ಈ ಸಲ ಬಂದದ್ದು ತೀರ್ಥಹಳ್ಳಿ ಕಡೆಯ ಒಂದು ಬೇಸಿಗೆ ಶಿಬಿರದಿಂದ. ಹತ್ತು ದಿನ, ಊಟ ವಸತಿ ಅಲ್ಲೇ. ಎರಡು ಪುಟ ಸೂಚನೆ, ಒಂದು ಪುಟ ಅರ್ಜಿ. ಆರು ಜೊತೆ ಬಟ್ಟೆ, ಎರಡು ಟವೆಲ್, ಹೊದೆಯಲು ಶಾಲು, ತಟ್ಟೆ, ಲೋಟ, ಟಾರ್ಚು, ಕೊಡೆ, ಟೋಪಿ, ಮೊಣಕಾಲುದ್ದದ ಕಾಲುಚೀಲ, ಮನೆ ವಿಳಾಸ ಬರೆದ ನಾಲ್ಕು ಪೋಸ್ಟ್‌ಕಾರ್ಡು. ಮೊಬೈಲು ಬೇಡ, ಕುರುಕಲು ತಿಂಡಿ ಬೇಡ, ಚಿನ್ನ ಬೇಡ. ಕೊನೆಗೆ ಅಡಿಗೆರೆ ಎಳೆದು, ಮಧ್ಯದಲ್ಲಿ ಅಪ್ಪ ಅಮ್ಮ ಬರುವುದೂ ಬೇಡ.

ಏಪ್ರಿಲ್ ಹತ್ತರ ಸುಮಾರಿಗೆ ಶಾಲೆ ಮುಗಿದರೆ ಮತ್ತೆ ಗಂಟೆ ಬಾರಿಸುವುದು ಮೇ ಕೊನೆಗೆ. ಈ ಏಳು ವಾರ ಮಕ್ಕಳನ್ನು ಏನು ಮಾಡುವುದು ಎಂಬುದು ಬೆಂಗಳೂರಿನ ತಂದೆತಾಯಿಗಳ ವಾರ್ಷಿಕ ಪರೀಕ್ಷೆ. ನಮ್ಮ ಅಪಾರ್ಟ್‌ಮೆಂಟಿನ ನೋಟಿಸ್ ಬೋರ್ಡಿನಲ್ಲಿ ಅಬ್ಯಾಕಸ್, ವೇದಗಣಿತ, ರೋಬೋಟಿಕ್ಸ್ ಎಲ್ಲ ಒಂದರ ಮೇಲೊಂದು ಅಂಟಿದ್ದವು. ನನ್ನ ಹೆಂಡತಿಗೆ ಮಾತ್ರ ನಾಟಕದ ಶಿಬಿರವೇ ಆಗಬೇಕು. ಅವಳು ಮೈಸೂರಿನವಳು, ರಂಗಾಯಣದ ಚಿಣ್ಣರ ಮೇಳದ ಅರ್ಜಿಗೆ ಕ್ಯೂ ನಿಲ್ಲುವ ಅಪ್ಪಂದಿರನ್ನು ನೋಡಿದವಳು. ರಂಗಾಯಣ 1989ರಲ್ಲಿ ಶುರುವಾದಾಗ ಮೊದಲ ನಿರ್ದೇಶಕರಾಗಿದ್ದ ಬಿ.ವಿ. ಕಾರಂತರು ಮಕ್ಕಳಿಗೆ ನಾಟಕ ಆಡಿಸಿದವರು. ಅತ್ತ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಅದಕ್ಕೂ ಎಷ್ಟೋ ಮೊದಲೇ ಮಕ್ಕಳನ್ನು ಕುಣಿಸಿದ್ದರು. ಎರಡೆರಡು ಕಾರಂತರು ಹೇಳಿದ ಮೇಲೆ ನನ್ನದೇನು ಮಾತು? ಸಹಿ ಹಾಕಿದೆ.

ನನ್ನ ಕಾಲದ ಬೇಸಿಗೆ ಶಿಬಿರಕ್ಕೆ ಸೂಚನಾಪತ್ರ ಇರಲಿಲ್ಲ. ಅದಕ್ಕೆ ಅಜ್ಜಿಮನೆ ಎಂದು ಹೆಸರು. 1985ರಲ್ಲಿ ನನಗೆ ಎಂಟು ವರ್ಷ. ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ ಅಮ್ಮ ನನ್ನನ್ನು ಶಂಕರ್ ಬಸ್ಸಿನ ಕಂಡಕ್ಟರಿಗೆ ಒಪ್ಪಿಸಿ, "ಹರಿಹರಪುರದಲ್ಲಿ ಇಳಿಸಿಬಿಡಿ, ಅಲ್ಲಿ ನಮ್ಮಣ್ಣ ಇರ್ತಾನೆ" ಎಂದು ಹೇಳಿ, ಬಸ್ಸು ಹೊರಡುವ ಮುಂಚೆಯೇ ಸಂತೆಗೆ ಹೋದಳು. ಒಂದು ಬಟ್ಟೆಚೀಲ, ಎರಡು ಚಡ್ಡಿ, ಅಜ್ಜಿಗೆ ಒಂದು ಡಬ್ಬಿ ನಶ್ಯ. ಅಷ್ಟೇ ಲಗೇಜು. ಕಂಡಕ್ಟರ್ ನನ್ನನ್ನು ಇಂಜಿನ್ನಿನ ಪೆಟ್ಟಿಗೆಯ ಮೇಲೆ ಕೂರಿಸಿ, ಕೆಳಗೊಂದು ಪೇಪರ್ ಹಾಸಿದ. ಪೇಪರ್ ಮೇಲೆ ಕೂತರೆ ವಾಂತಿ ಬರುವುದಿಲ್ಲವಂತೆ. ಬಂತು. ಕಂಡಕ್ಟರ್ ಪೇಪರನ್ನು ತಿರುಗಿ ನೋಡಿ, "ಹಳೇ ಪೇಪರ್, ಅದಕ್ಕೇ" ಎಂದ. ನಾನು ಕ್ಷೇಮವಾಗಿ ತಲುಪಿದ ಸುದ್ದಿ ಅಮ್ಮನಿಗೆ ತಲುಪಿದ್ದು ಐದು ದಿನದ ಮೇಲೆ, ಮಾವನ ಕಾರ್ಡಿನಲ್ಲಿ, ಅದೂ ಅಡಿಕೆ ಧಾರಣೆಯ ವಿಷಯವೆಲ್ಲ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ. ಆ ಐದು ದಿನ ಅಮ್ಮ ಏನು ಮಾಡುತ್ತಿದ್ದಳು ಎಂದು ನನಗೆ ಈಗ ಕೇಳಬೇಕೆನಿಸುತ್ತದೆ. ಶಂಕರ್ ಕಂಪನಿ ಮುಚ್ಚಿದಾಗ ಅದರ ಕೆಲಸಗಾರರೇ ಸೇರಿ 1991ರಲ್ಲಿ ಸಹಕಾರ ಸಾರಿಗೆ ಕಟ್ಟಿದರು. 2020ರಲ್ಲಿ ಅದೂ ನಿಂತಿತು. ಮಕ್ಕಳನ್ನು ಒಪ್ಪಿಸಿ ಸಂತೆಗೆ ಹೋಗಬಹುದಾದ ಕಂಡಕ್ಟರುಗಳು ಈಗ ಎಲ್ಲಿದ್ದಾರೋ.

ಇರಲಿ, ಅರ್ಜಿಗೆ ಬರುತ್ತೇನೆ. ಮೊದಲ ಐದು ಪ್ರಶ್ನೆ ಸಲೀಸು. ರಕ್ತದ ಗುಂಪು, ಅಲರ್ಜಿ, ತೆಗೆದುಕೊಳ್ಳುವ ಮಾತ್ರೆ. ಆರನೆಯದು: "ಮಗುವಿಗೆ ಇಷ್ಟವಿಲ್ಲದ ಆಹಾರ." ಹಾಗಲಕಾಯಿ ಎಂದು ಬರೆದೆ. ಏಳನೆಯದು: "ಮಗು ಯಾವುದಕ್ಕೆ ಹೆದರುತ್ತದೆ?" ಕತ್ತಲೆ ಎಂದು ಬರೆದು ಸಹಿ ಹಾಕುವ ಹೊತ್ತಿಗೆ ಮಗಳು ಹೆಗಲ ಮೇಲಿಂದ ಬಗ್ಗಿ ಓದಿದಳು.

"ಅಪ್ಪಾ, ಹಾಗಲಕಾಯಿ ತಿನ್ನದೇ ಇರೋದು ನೀನು. ಕತ್ತಲೆ ಅಂದ್ರೆ ಭಯ ಇದ್ದಿದ್ದು ನಾನು ಒಂದನೇ ಕ್ಲಾಸಲ್ಲಿದ್ದಾಗ."

"ಮತ್ತೆ ಈಗ?"

ಅವಳು ಪೆನ್ನಿನ ಮುಚ್ಚಳ ಕಚ್ಚುತ್ತಾ ಸ್ವಲ್ಪ ಯೋಚಿಸಿದಳು. "ಟೀಮ್ ಮಾಡ್ತಾರಲ್ಲ, ಆವಾಗ ಯಾರೂ ಕರೀದೇ ಕೊನೇಲಿ ಒಬ್ಬಳೇ ಉಳಿದ್ರೆ ಅಂತ."

ಅರ್ಜಿಯಲ್ಲಿ ಅದಕ್ಕೆ ಒಂದು ಸಾಲಿನಷ್ಟೂ ಜಾಗವಿರಲಿಲ್ಲ. ಕತ್ತಲೆಯನ್ನು ಹೊಡೆದುಹಾಕಿ "ಏನೂ ಇಲ್ಲ" ಎಂದು ಬರೆದೆ. ಆಮೇಲೆ ಮನಸ್ಸು ತಡೆಯದೆ, ಪಟ್ಟಿಯಲ್ಲಿದ್ದ ಟಾರ್ಚಿನ ಮುಂದೆ "ಒಳ್ಳೆಯದು" ಎಂದು ನನಗೇ ಒಂದು ಗುರುತು ಹಾಕಿಕೊಂಡೆ.

ಆ ಟಾರ್ಚಿಗೆ ಮೂರು ಅಂಗಡಿ ಸುತ್ತಿದೆ. ಮೂರನೆಯವನು ಅನುಭವಸ್ಥ. "ಬ್ಯಾಗಲ್ಲಿ ಒತ್ತಿಕೊಂಡು ತಾನೇ ಹತ್ತಿಬಿಡುತ್ತೆ ಸಾರ್, ಊರು ತಲುಪೋದ್ರೊಳಗೆ ಸೆಲ್ಲು ಖಾಲಿ. ಒಂದು ಸೆಲ್ ಉಲ್ಟಾ ಹಾಕಿ ಕಳಿಸಿ" ಎಂದ. ಎಂಥ ಉಪಾಯ! ಶಿಬಿರದ ಎರಡು ಪುಟದಲ್ಲಿ ಹುಡುಕಿದರೂ ಸಿಗದ ವಿದ್ಯೆ. ಮನೆಗೆ ಬಂದು ಹಾಗೇ ಮಾಡಿ, ಹೆಂಡತಿಗೂ ತೋರಿಸಿ, ಅವಳಿಂದ ಒಂದು "ಹೂಂ" ಗಿಟ್ಟಿಸಿದೆ.

ತಟ್ಟೆಯದು ಬೇರೆ ಕಥೆ. "ಎಲ್ಲ ವಸ್ತುಗಳ ಮೇಲೂ ಹೆಸರಿರಲಿ" ಎಂದಿತ್ತು. ಬಟ್ಟೆಗೆ ಮಾರ್ಕಿಂಗ್ ಇಂಕು, ಚಪ್ಪಲಿಗೆ ಉಗುರುಬಣ್ಣ ಆಯಿತು. ಸ್ಟೀಲ್ ತಟ್ಟೆಯ ವಿಷಯದಲ್ಲಿ ಮಾತ್ರ ನಮ್ಮ ಮನೆಯ ಕಷ್ಟವೇ ಬೇರೆ: ಹೆಸರಿಲ್ಲದ ಒಂದೂ ಪಾತ್ರೆ ಇಲ್ಲ. ಒಂದರ ಮೇಲೆ ಯಾರದೋ ಗೃಹಪ್ರವೇಶ, ಒಂದರ ಮೇಲೆ ಯಾರದೋ ನಾಮಕರಣ. ಅವುಗಳ ಪೈಕಿ ಅಂಚು ಎತ್ತರವಿದ್ದು ಸಾರು ಚೆಲ್ಲದಂಥದ್ದು ಒಂದೇ ಒಂದು. ದೂರದ ದೊಡ್ಡಪ್ಪನೊಬ್ಬರ ವೈಕುಂಠ ಸಮಾರಾಧನೆಯ ದಿನ ಬಂದವರಿಗೆಲ್ಲ ಹಂಚಿದ ತಟ್ಟೆ. ಸಮಾರಾಧನೆಯ ತಿಥಿ, ತಾರೀಖು ಸಮೇತ ಚುಕ್ಕೆಚುಕ್ಕೆಯಾಗಿ ಕೊರೆದಿತ್ತು. "ತಿರುಗಿಸಿ ನೋಡೋರು ಯಾರು" ಎಂದು ಹೆಂಡತಿ ಅದನ್ನೇ ಚೀಲಕ್ಕೆ ಹಾಕಿದಳು.

ನಾನು ಶಿಬಿರಕ್ಕೆ ಮೂರು ಸಲ ಫೋನು ಮಾಡಿದ್ದನ್ನೂ ಒಪ್ಪಿಕೊಂಡುಬಿಡುತ್ತೇನೆ. ಮೊದಲನೆಯದು ಮಂಗನ ಕಾಯಿಲೆಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗೊತ್ತಾದ ಕಾಯಿಲೆ ಅದು. ಉಣುಗು ಕಚ್ಚಿ ಬರುತ್ತದೆ, ಮಳೆ ಹಿಡಿಯುವ ತನಕ ಅದರ ಕಾಲ. ಮಲೆನಾಡಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಹೆದರುವುದು ಕಲಿತವನಿಗೆ ಇದೆಲ್ಲ ಬಾಯಿಪಾಠ. ಅತ್ತ ಕಡೆಯ ದನಿ ತಾಳ್ಮೆಯಿಂದ, "ಕಾಡಿಗೆ ಕರ್ಕೊಂಡು ಹೋಗಲ್ಲ ಸಾರ್, ಅಂಗಳ, ತೋಟ ಅಷ್ಟೇ. ಆರೋಗ್ಯ ಇಲಾಖೆಯವರು ಕೊಟ್ಟ ಡೀಪಾ ಎಣ್ಣೆನೂ ಇದೆ" ಎಂದಿತು. ಎರಡನೆಯ ಫೋನು ಇಂಬಳಕ್ಕೆ. "ಮಳೆ ಬಿದ್ರೆ ಬರ್ತವೆ. ಉದ್ದ ಕಾಲುಚೀಲ ಅದಕ್ಕೇ ಹೇಳಿದ್ದು. ಹತ್ತಿದ್ರೆ ಸುಣ್ಣನೋ ಉಪ್ಪೋ ಮುಟ್ಟಿಸ್ತೀವಿ, ಬಿದ್ದುಹೋಗ್ತವೆ." ಮೂರನೆಯ ಸಲ ಭೇದಿಯಾದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಆ ದನಿ ಒಂದು ಕ್ಷಣ ಸುಮ್ಮನಿದ್ದು, ಪಾಠ ಒಪ್ಪಿಸುವ ಹಾಗೆ, "ಒಂದು ಲೀಟರ್ ಕಾಯಿಸಿ ಆರಿಸಿದ ನೀರು, ಮಟ್ಟವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಆಸ್ಪತ್ರೆ ಹತ್ತಿರದಲ್ಲೇ ಇದೆ. ನೀವೂ ಒಂದು ಲೋಟ ಕುಡೀರಿ ಸಾರ್, ಸುಸ್ತಾಗಿದ್ದೀರಿ" ಎಂದಿತು. ಆಮೇಲೆ ನಾನು ಫೋನು ಮಾಡಲಿಲ್ಲ.

ಪೋಸ್ಟ್‌ಕಾರ್ಡಿಗೆ ಹೋದಾಗ ಅಂಚೆ ಕಚೇರಿಯ ಹೆಣ್ಣುಮಗಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕಾರ್ಡಿಗೆ ಐವತ್ತು ಪೈಸೆ. ನಾಲ್ಕಕ್ಕೆ ಎರಡು ರೂಪಾಯಿ. ಹೊರಗೆ ಗಾಡಿ ನಿಲ್ಲಿಸಿದ್ದಕ್ಕೆ ಕೊಟ್ಟದ್ದು ಇಪ್ಪತ್ತು. ನಾಲ್ಕೂ ಕಾರ್ಡಿನ ಮೇಲೆ ನನ್ನದೇ ವಿಳಾಸವನ್ನು ನಾನೇ ದುಂಡಗೆ ಬರೆದು, ಆರು ಚೌಕದಲ್ಲಿ ಪಿನ್ ಕೋಡ್ ತುಂಬಿದೆ. ಬೇರೆಯವರು ನನಗೆ ಬರೆಯಬೇಕಾದ ಕಾಗದಕ್ಕೆ ವಿಳಾಸ ಬರೆಯುತ್ತಾ ಕೂರುವುದಿದೆಯಲ್ಲ, ಬೇಡ ಬಿಡಿ.

ಹೊರಡುವ ದಿನ ಬೆಳಗ್ಗೆ ಆರಕ್ಕೆ ನ್ಯಾಷನಲ್ ಕಾಲೇಜು ಮೈದಾನದ ಹತ್ತಿರ ಬಸ್ಸು. ಹಿಂದಿನ ಚಕ್ರದ ಮೇಲಿನ ಸೀಟು ಬೇಡ, ಮುಂದೆ ಕೂರು, ಪುಸ್ತಕ ಓದಬೇಡ, ದೂರದ್ದನ್ನು ನೋಡು, ನಿಂಬೆಹಣ್ಣು ಜೇಬಿನಲ್ಲಿದೆ ಎಂದು ಕಿಟಕಿಯ ಹೊರಗಿನಿಂದ ನಾನು ಕೂಗುತ್ತಿದ್ದೆ. ಒಳಗೆ ಅವಳು ಹಿಂದಿನ ಚಕ್ರದ ಮೇಲೆ ಕೂತು ಪಕ್ಕದ ಹುಡುಗಿಯ ಪುಸ್ತಕ ನೋಡುತ್ತಿದ್ದಳು. ಬಸ್ಸು ಹೊರಟಿತು. ಅಳುತ್ತಾಳೆಂದು ಹೆಂಡತಿ ಕರ್ಚೀಫು ಹಿಡಿದು ನಿಂತಿದ್ದಳು. ಅದನ್ನು ನಾನು ಇಸಿದುಕೊಂಡೆ.

ಆಮೇಲೆ ವಾಟ್ಸಾಪ್ ಗುಂಪು. ದಿನಾ ರಾತ್ರಿ ಎಂಟಕ್ಕೆ ಹತ್ತು ಫೋಟೋ. ಮೂವತ್ತೆರಡು ಮಕ್ಕಳ ಅರವತ್ತನಾಲ್ಕು ತಂದೆತಾಯಿಯರು ಎಂಟಕ್ಕೆ ಐದು ನಿಮಿಷವಿರುವಾಗಲೇ ಊಟ ಬಿಟ್ಟು ಕೂರುತ್ತಿದ್ದರು. ನಮಗೆ ಸಿಕ್ಕಿದ್ದು ಮೊದಲ ದಿನ ಅವಳ ಮೊಣಕೈ, ಎರಡನೆಯ ದಿನ ಜಡೆ, ಮೂರನೆಯ ದಿನ ಪೂರ್ತಿ ಬೆನ್ನು. "ಮೂರು ದಿನದಿಂದ ಅದೇ ಹಸಿರು ಟೀ ಶರ್ಟು" ಎಂದು ಹೆಂಡತಿ ಫೋಟೋ ಹಿಗ್ಗಿಸಿದಳು. ಗುಂಪಿನಲ್ಲಿ ಒಬ್ಬ ತಾಯಿ, ತನ್ನ ಮಗನಿಗೆ ಇವತ್ತು ಮೋಷನ್ ಆಯಿತೇ ಎಂದು ಎಲ್ಲರೆದುರು ಕೇಳಿದರು. ಎಲ್ಲರಿಗೂ ಕೇಳಬೇಕಿತ್ತು, ಅವರು ಕೇಳಿದರು ಅಷ್ಟೆ. ಆಯಿತು ಎಂದು ಉತ್ತರ ಬಂದಾಗ ಇಪ್ಪತ್ತು ಜನ ಕೈಮುಗಿದ ಚಿತ್ರ ಹಾಕಿದರು.

ಕೊನೆಯ ದಿನ ಪೋಷಕರಿಗೆ ಪ್ರವೇಶ. ಕುಪ್ಪಳಿ ಅಲ್ಲಿಗೆ ದೂರವಲ್ಲ, ಹಾಗಾಗಿ ನಾಟಕ ಕುವೆಂಪು ಅವರ ಕಿಂದರಿಜೋಗಿಯೇ. ಬ್ರೌನಿಂಗನ ಹ್ಯಾಮೆಲಿನ್ ಊರಿನ ಇಲಿಗಳನ್ನು ಕುವೆಂಪು ತಂದು ಬಿಟ್ಟದ್ದು ಬೊಮ್ಮನಹಳ್ಳಿಗೆ. ಬೆಂಗಳೂರಿನ ಮಕ್ಕಳೆಲ್ಲ ಅದನ್ನು ಹೊಸೂರು ರಸ್ತೆಯ ಬೊಮ್ಮನಹಳ್ಳಿ ಎಂದೇ ತಿಳಿದಿದ್ದರಂತೆ. ಆ ಟ್ರಾಫಿಕ್ಕಿನಲ್ಲಿ ಜೋಗಿ ಅಷ್ಟು ಇಲಿಗಳನ್ನು ಹೇಗೆ ದಾಟಿಸಿದ ಎಂದು ತಾಲೀಮಿನಲ್ಲಿ ಚರ್ಚೆ ನಡೆದಿತ್ತಂತೆ. ನನ್ನ ಮಗಳು ಮೊದಲರ್ಧ ಇಲಿ, ಉಳಿದರ್ಧ ಮಗು. ಹಳೆ ಸೀರೆ ಹೊಸೆದ ಬಾಲ, ರಟ್ಟಿನ ಕಿವಿ. ಗೌಡ ಮಾತಿಗೆ ತಪ್ಪಿದ, ಜೋಗಿ ಮತ್ತೆ ಕಿಂದರಿ ಬಾರಿಸಿದ, ಅಂಗಳದ ಆ ತುದಿಯಿಂದ ಮಕ್ಕಳು ಒಬ್ಬರ ಸೊಂಟ ಒಬ್ಬರು ಹಿಡಿದು ಸಾಲಾಗಿ ಕುಣಿಯುತ್ತಾ ಬಂದು, ನಮ್ಮ ಕಡೆ ಕಣ್ಣೆತ್ತಿಯೂ ನೋಡದೆ, ಬೆಟ್ಟವೆಂದು ಕಟ್ಟಿದ್ದ ಗೋಣಿತಾಟಿನ ಹಿಂದೆ ಹೋದರು. ತಾಟು ಇಳಿಯಿತು. ಕಿಂದರಿ ನಿಂತಿತು. ಒಂದೆರಡು ನಿಮಿಷ ಯಾರೂ ಹೊರಗೆ ಬರಲಿಲ್ಲ. ಹಿಂದಿನ ತೋಟದಲ್ಲಿ ಜೀರುಂಡೆ ಮಾತ್ರ. ಪಕ್ಕದಲ್ಲಿ ಕೂತಿದ್ದ ಅಪ್ಪನೊಬ್ಬ, ಸಾಫ್ಟ್‌ವೇರಿನವನಂತೆ ಕಾಣುತ್ತಿದ್ದ, ನನ್ನ ಕಡೆ ಬಾಗಿ ಮೆಲ್ಲಗೆ, "ಬರ್ತಾರಲ್ವಾ?" ಎಂದ.

ಬಂದರು. ಇಡ್ಲಿ ಇದೆಯೆಂದು ಗೊತ್ತಾಗಿ ಬಂದರು.

ಮನೆಗೆ ಬಂದು ಚೀಲ ಬಿಚ್ಚಿದಾಗ ಆರರಲ್ಲಿ ನಾಲ್ಕು ಜೊತೆ ಬಟ್ಟೆ ಇಸ್ತ್ರಿಯ ಗೆರೆ ಸಮೇತ ವಾಪಸಾಗಿದ್ದವು. ಟವೆಲ್ ನಮ್ಮದಲ್ಲ. ಚಪ್ಪಲಿಯಲ್ಲಿ ಎಡಗಾಲಿನದು ಮಾತ್ರ ನಮ್ಮದು, ಬಲಗಾಲಿಗೆ ಬೇರೆ ಯಾರದೋ ಉಗುರುಬಣ್ಣ. ತಲೆಯಲ್ಲಿ ಹೇನು. ಈರು ಒಡೆದು ಹೇನಾಗಲು ಏಳರಿಂದ ಹತ್ತು ದಿನ ಬೇಕು, ಶಿಬಿರವೂ ಲೆಕ್ಕ ಹಾಕಿದಂತೆ ಹತ್ತೇ ದಿನ. ಹೆಂಡತಿ ಬಾಲ್ಕನಿಯಲ್ಲಿ ಸೀರಣಿಗೆ ಹಿಡಿದು ಕೂತಳು. ಮಧ್ಯಾಹ್ನ ಯಾರೋ ಫೋನು ಮಾಡಿ, "ವೈಕುಂಠ ಇದ್ದಾಳಾ ಅಂಕಲ್?" ಎಂದರು. ರಾಂಗ್ ನಂಬರ್ ಎಂದು ಇಟ್ಟುಬಿಟ್ಟೆ. ಮಗಳು ತಲೆ ಬಿಡಿಸಿಕೊಂಡು ಓಡಿಬಂದಳು. "ಅಯ್ಯೋ, ಅದು ನಾನೇ ಅಪ್ಪಾ!" ಮೊದಲ ದಿನ ತಟ್ಟೆ ತೊಳೆಯುವ ಕಡೆ ಯಾರೋ ತಿರುಗಿಸಿ ಓದಿದ್ದರಂತೆ.

ಆಮೇಲಿನ ನಾಲ್ಕನೆಯ ದಿನ ಪೋಸ್ಟ್‌ಕಾರ್ಡು ಬಂತು. ಶಿಬಿರದ ಎರಡನೆಯ ದಿನ ಬರೆದದ್ದು. ಉಳಿದ ಮೂರು ಇವತ್ತಿಗೂ ಬಂದಿಲ್ಲ. ನನ್ನ ದುಂಡು ಅಕ್ಷರದ ವಿಳಾಸದ ಹಿಂದೆ ಅವಳ ಓರೆ ಅಕ್ಷರ:

"ಅಪ್ಪಾ, ಟಾರ್ಚ್ ಹಾಳಾಗಿದೆ. ಹತ್ತಲ್ಲ. ಬಚ್ಚಲುಮನೆ ತುಂಬ ದೂರ. ಮಧ್ಯೆ ಹಲಸಿನ ಮರ ಇದೆ. ಅದಕ್ಕೆ ರಾತ್ರಿ ನಾವು ನಾಲ್ಕು ಜನ ಕೈ ಹಿಡ್ಕೊಂಡು ಹಾಡು ಹೇಳ್ತಾ ಹೋಗ್ತೀವಿ. ನಾನೇ ನಡುವೆ. ಇವತ್ತು ಟೀಮ್ ಮಾಡಿದ್ರು. ನಮ್ದು ಮೊದಲೇ ಆಗಿತ್ತು. ಅಮ್ಮಂಗೆ ಹೇಳು, ಪುಳಿಯೋಗರೆ ಚೆನ್ನಾಗಿತ್ತು."

ಉಲ್ಟಾ ಸೆಲ್ಲಿನ ಸಂಗತಿಯನ್ನು ಅಂಗಡಿಯವನು ನನಗೆ ಹೇಳಿದ್ದ, ನಾನು ಹೆಂಡತಿಗೆ ಹೇಳಿದ್ದೆ.

ಟಾರ್ಚು ಇನ್ನೂ ಚೀಲದ ತಳದಲ್ಲೇ ಇತ್ತು. ಬಿರಡೆ ತಿರುವಿ ಒಂದು ಸೆಲ್ಲನ್ನು ಸರಿಯಾಗಿ ಹಾಕಿದೆ. ಹಗಲಿನಲ್ಲೂ ಗೋಡೆಯ ಮೇಲೆ ಬೆಳ್ಳಗೆ ದೊಡ್ಡ ಬೆಳಕು ಬಿತ್ತು. ಒಳ್ಳೆಯ ಟಾರ್ಚು. ಹಜಾರದಲ್ಲಿ ಮಗಳು ಫೋನಿನಲ್ಲಿ ಯಾರಿಗೋ, "ಮುಂದಿನ ವರ್ಷನೂ ಅದೇ ರೂಮು ಕೇಳೋಣ ಕಣೇ" ಎನ್ನುತ್ತಿದ್ದಳು. ನಾನು ಟಾರ್ಚು ಆರಿಸಿ, ಬಿರಡೆ ಬಿಚ್ಚಿ, ಸೆಲ್ಲನ್ನು ಮತ್ತೆ ಉಲ್ಟಾ ಹಾಕಿ, ಇದ್ದ ಕಡೆಯೇ ಇಟ್ಟೆ.