ಗಡಿಯಾಚೆಯ ದೊಡ್ಡಬೆಟ್ಟ

ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣ ನಿಂತಿರುವ ನೆಲ ಒಂದಾನೊಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಾಗಿತ್ತೆಂಬುದು ಹಳೆಯ ನಿವಾಸಿಗಳೆಲ್ಲರಿಗೂ ತಿಳಿದ ಸಂಗತಿ. ಗವಿಪುರದ ಮಗ್ಗುಲಿನ ಕೆಂಪಾಂಬುಧಿ ಇನ್ನೂ ಕೆರೆಯೆಂಬ ಹೆಸರನ್ನು ಉಳಿಸಿಕೊಂಡಿದೆ. ಮಲ್ಲೇಶ್ವರದವರಿಗೆ 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯ ಏರಿಯ ಮೇಲೆ ಸಂಜೆಯ ತಂಗಾಳಿಯಾದರೂ ದೊರೆಯುತ್ತದೆ. ಇಷ್ಟರಿಂದ ತೃಪ್ತಿಪಡುವ ಜನ ಈಗ ವಿರಳ. ಮಾರ್ಚಿ ತಿಂಗಳು ಕಳೆದು ಮಕ್ಕಳ ಪರೀಕ್ಷೆಗಳು ಮುಗಿದವೆಂದರೆ, ಪ್ಲೇಗಿನ ಹಾವಳಿಯ ಫಲವಾಗಿ 1898ರಿಂದ ಈಚೆಗೆ ಬೆಳೆದ ಬಸವನಗುಡಿ ಮಲ್ಲೇಶ್ವರಗಳಲ್ಲಿಯೂ, ಅವಕ್ಕಿಂತ ಆರು ವರ್ಷ ಹಿರಿದಾದ ಚಾಮರಾಜಪೇಟೆಯಲ್ಲಿಯೂ, ಮನೆಮನೆಯ ಹಜಾರದಲ್ಲಿ ಒಂದೇ ಮಾತು: ಕಾರು ತೆಗೆದುಕೊಂಡು ಯಾವ ಬೆಟ್ಟಕ್ಕೆ ಹೋಗೋಣ, ಯಾವ ಕೆರೆಯ ದಡದಲ್ಲಿ ಕುಳಿತು ಬರೋಣ?

ಬೆಟ್ಟವೂ ನೀರೂ ಒಟ್ಟಿಗೆ ಬೇಕೆಂದರೆ ಮೈಸೂರಿನ ದಾರಿ ಹಿಡಿದು ದಕ್ಷಿಣಕ್ಕೆ ಇಳಿಯಬೇಕು. ಗುಂಡ್ಲುಪೇಟೆಯಲ್ಲಿ ಆ ದಾರಿ ಎರಡಾಗಿ ಒಡೆಯುತ್ತದೆ. ಬಲಕ್ಕೆ ಹೋದರೆ ಕೇರಳದ ಸುಲ್ತಾನ್ ಬತ್ತೇರಿ, ಕಲ್ಪೆಟ್ಟ, ವೈತ್ತಿರಿ; ಆ ದಾರಿಯ ಕೊನೆಯಲ್ಲಿ ಪೂಕೋಡು ಸರೋವರ. ನೇರವಾಗಿ ಹೋದರೆ ತಮಿಳುನಾಡಿನ ಗೂಡಲೂರು, ಪೈಕಾರ, ಉದಕಮಂಡಲ. ಮನೆಯ ಚರ್ಚೆ ಬಹುಮಟ್ಟಿಗೆ ಈ ಕವಲಿನಲ್ಲಿಯೇ ನಿಲ್ಲುತ್ತದೆ. ಮಕ್ಕಳಿಗೆ ವಯನಾಡು ಬೇಕು. ಅಜ್ಜಿಗೆ ಊಟಿಯೇ ಆಗಬೇಕು. ಮದುವೆಯಾದ ಹೊಸದರಲ್ಲಿ ನೋಡಿದ್ದ ಊರದು. "ಎರಡನ್ನೂ ನಾಲ್ಕು ದಿನದಲ್ಲಿ ಮುಗಿಸಿಬಿಡೋಣವಮ್ಮ" ಎನ್ನುವ ಮಗನ ಉತ್ಸಾಹಕ್ಕೆ ಆ ಮುದುಕಿ ಕೊಡುವ ಉತ್ತರ ಚಿಕ್ಕದು: "ಬೆಟ್ಟ ನೋಡೋಕೆ ಹೋಗ್ತೀಯೋ, ರಸ್ತೆ ನೋಡೋಕೆ ಹೋಗ್ತೀಯೋ, ಅದನ್ನ ಮೊದಲು ಹೇಳಪ್ಪ."

ಅಜ್ಜಿಯ ಪ್ರಶ್ನೆ ಸಾಧುವಾದದ್ದು. ಬೆಂಗಳೂರಿಂದ ಮೈಸೂರಿನವರೆಗೆ ಮೋಟಾರಿನವನೇ ರಾಜ. 2023ರ ಮಾರ್ಚಿ 12ರಂದು ಉದ್ಘಾಟನೆಗೊಂಡ 118 ಕಿಲೋಮೀಟರಿನ ಹೊಸ ಹೆದ್ದಾರಿಯಲ್ಲಿ ರಾಮನಗರದ ಬಂಡೆಗಳೂ ಮಂಡ್ಯದ ಕಬ್ಬಿನ ಗದ್ದೆಗಳೂ ಕಣ್ಣಿಗೆ ಬೀಳುವ ಮುನ್ನವೇ ಹಿಂದೆ ಸರಿಯುತ್ತವೆ. ಮದ್ದೂರಿನ ವಡೆಗೆ ನಿಲ್ಲಬೇಕೆಂದರೆ ಹೆದ್ದಾರಿಯಿಂದ ಕೆಳಗಿಳಿದು ಹಳೆಯ ರಸ್ತೆಯನ್ನೇ ಸೇರಬೇಕು. ವೇಗಕ್ಕೆ ತೆರುವ ಸುಂಕದಲ್ಲಿ ಅದೂ ಒಂದು. ನಂಜನಗೂಡು ದಾಟಿ ಗುಂಡ್ಲುಪೇಟೆಗೆ ಬಂದೊಡನೆ ಈ ರಾಜಪದವಿ ಕೊನೆಗಾಣುತ್ತದೆ. ಅಲ್ಲಿಂದ ಮುಂದೆ ಕಾಡಿನ ಗಡಿಯಾರವೇ ಪ್ರಮಾಣ.

ಬಂಡೀಪುರದ ಅರಣ್ಯ ಮೈಸೂರು ಅರಸರ ಬೇಟೆಯ ನೆಲವಾಗಿತ್ತು. 1931ರಲ್ಲಿ ವೇಣುಗೋಪಾಲ ವನ್ಯಧಾಮವೆಂಬ ಹೆಸರು ಪಡೆದು, ಮುಂದೆ 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಅದರೊಳಗೆ ಸೇರಿತು. ಇದರ ನಡುವೆ ಹಾದುಹೋಗುವ ಎರಡು ಹೆದ್ದಾರಿಗಳೂ ರಾತ್ರಿ 9 ಗಂಟೆಯಿಂದ ಬೆಳಗಿನ 6 ಗಂಟೆಯವರೆಗೆ ಮುಚ್ಚಿರುತ್ತವೆ. ರಾತ್ರಿಯ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದನ್ನು ಕಂಡು 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ಈ ನಿರ್ಬಂಧ ವಿಧಿಸಿದರು. 2010ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಗೊತ್ತುಪಡಿಸಿದ ಕೆಲವೇ ಬಸ್ಸುಗಳಿಗೂ, ರೋಗಿಗಳನ್ನು ಒಯ್ಯುವ ವಾಹನಗಳಿಗೂ ಮಾತ್ರ ವಿನಾಯಿತಿ. ವಯನಾಡಿನ ಜನ ಇದನ್ನು ಸುಮ್ಮನೆ ಒಪ್ಪಿಲ್ಲ. ತರಕಾರಿಯ ಲಾರಿ, ಬೆಂಗಳೂರಿನಲ್ಲಿ ಓದುವ ಮಕ್ಕಳು, ದುಡಿಯುವ ಬಂಧುಗಳು ಎಲ್ಲರೂ ಅದೇ ದಾರಿಯವರು. ರಾತ್ರಿ ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲೆ ಸುತ್ತಿ ಬರಬೇಕೆಂದರೆ ಅವರಿಗೆ ಕಷ್ಟವಾಗುವುದು ಸಹಜ. ಇತ್ತ ಆನೆಯ ಹಿಂಡಿಗೆ ಸುತ್ತುದಾರಿಯೆಂಬುದೇ ಇಲ್ಲ. ಎರಡು ಪಕ್ಷದಲ್ಲಿಯೂ ಸತ್ಯವಿದೆ. ಆದರೆ ವಿನೋದಕ್ಕೆಂದು ಹೊರಟವನು ಈ ವಿವಾದದಲ್ಲಿ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ಆರು ಗಂಟೆಯ ಮೇಲೆ ಬಾಗಿಲು ತೆರೆದಾಗ ಹೋಗಿ, ಒಂಬತ್ತರೊಳಗೆ ಹೊರಬೀಳುವುದಷ್ಟೇ ಅವನ ಧರ್ಮ.

ಪ್ರವಾಸದ ಲೆಕ್ಕವೆಲ್ಲ ಇದರಿಂದಲೇ ಹುಟ್ಟುತ್ತದೆ. ಬೆಳಗಿನ ಐದಕ್ಕೆ ಬಸವನಗುಡಿ ಬಿಟ್ಟವರು ಹತ್ತರ ಸುಮಾರಿಗೆ ಕಾಡಿನ ಮೊಗದಲ್ಲಿರುತ್ತಾರೆ. ಮಧ್ಯಾಹ್ನ ಇಳಿಯುವುದರೊಳಗೆ ಊಟಿಯನ್ನು ಮುಟ್ಟಬಹುದು. ಗಾಂಧಿ ಬಜಾರಿನಲ್ಲಿ ದೋಸೆ ತಿಂದೇ ಹೊರಡುವೆನೆಂದು ಹಟ ಹಿಡಿದವರಿಗೆ ಪೈಕಾರದ ನೀರು ಮುಸ್ಸಂಜೆಯ ಕತ್ತಲಿನಲ್ಲಿ ಕಂಡರೆ ಅದು ದೋಸೆಯ ತಪ್ಪಲ್ಲ. ಮರಳುವಾಗಲಂತೂ ಎಚ್ಚರಿಕೆ ಇನ್ನೂ ಹೆಚ್ಚಿರಬೇಕು. ಊಟಿಯಿಂದ ಗೂಡಲೂರಿನ ಮೇಲೆ ಗಡಿಯ ಕೆಕ್ಕನಹಳ್ಳದ ಠಾಣ್ಯಕ್ಕೆ ಮೂರು ಗಂಟೆ ಹಿಡಿಯುತ್ತದೆಂದು ಇಟ್ಟುಕೊಳ್ಳುವುದು ಕ್ಷೇಮ. ಕಾಡಿನೊಳಗೆ ಪೆಟ್ರೋಲಿನ ಬಂಕು ಇಲ್ಲ. ಗಾಡಿ ನಿಲ್ಲಿಸಿ ಇಳಿಯುವುದಕ್ಕೂ, ಕೋತಿಗಳಿಗೆ ತಿಂಡಿ ಎಸೆಯುವುದಕ್ಕೂ ದಂಡವುಂಟು.

ಇನ್ನು ಕಾಗದಪತ್ರ. ಸ್ವಂತದ ಬಿಳಿ ಫಲಕದ ಕಾರಿಗೆ ಅನ್ಯರಾಜ್ಯ ಪ್ರವೇಶಿಸಲು ಪರ್ಮಿಟ್ಟು ಬೇಕಿಲ್ಲ. ಚಾಲನೆಯ ಲೈಸೆನ್ಸು, ನೋಂದಣಿ, ವಿಮೆ, ಹೊಗೆ ತಪಾಸಣೆಯ ಪತ್ರ ಇದ್ದರಾಯಿತು. ಹಳದಿ ಫಲಕದ ಬಾಡಿಗೆ ಕಾರಾದರೆ ಪರ್ಮಿಟ್ಟನ್ನು ಮುಂಚೆಯೇ ವಿಚಾರಿಸತಕ್ಕದ್ದು. ಇಷ್ಟಾದರೂ ನೀಲಗಿರಿಗೆ ಇನ್ನೊಂದು ಚೀಟಿ ಬೇಕು. ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ 7ರಿಂದ ಹೊರಗಿನ ವಾಹನಗಳೆಲ್ಲಕ್ಕೂ ಇ-ಪಾಸ್ ಎಂಬ ಅನುಮತಿಪತ್ರ ಗೊತ್ತಾಯಿತು. 2025ರ ಏಪ್ರಿಲಿನಿಂದ ಜೂನಿನವರೆಗೆ ವಾರದ ದಿನಗಳಲ್ಲಿ 6,000, ವಾರದ ಕೊನೆಗೆ 8,000 ವಾಹನಗಳಿಗೆ ಮಾತ್ರ ಪ್ರವೇಶವೆಂದು ಮಿತಿಯನ್ನೂ ಹಾಕಿದರು. ಬೆಟ್ಟಕ್ಕೂ ಹೊರುವ ಶಕ್ತಿಗೊಂದು ಎಲ್ಲೆಯಿದೆಯೆಂದು ನ್ಯಾಯಾಲಯವೇ ಹೇಳಬೇಕಾಗಿ ಬಂದದ್ದು ಹೆಮ್ಮೆಯ ವಿಷಯವೇನಲ್ಲ. ಹೊರಡುವ ವಾರದಲ್ಲಿ ನಿಯಮ ಹೇಗಿದೆಯೆಂದು ನೋಡಿಕೊಂಡು, ಮನೆಯಲ್ಲಿಯೇ ಪಾಸನ್ನು ಪಡೆದು ಹೊರಡುವುದು ಲೇಸು. ಪ್ಲಾಸ್ಟಿಕ್ ನೀರಿನ ಸೀಸೆಗಳನ್ನು ನೀಲಗಿರಿಯಲ್ಲಿ ನಿಷೇಧಿಸಿದ್ದಾರೆ. ಅಟ್ಟದ ಮೇಲೆ ಧೂಳು ಹಿಡಿದಿದ್ದ ಸ್ಟೀಲಿನ ಕೂಜ ಈ ನೆಪದಲ್ಲಿ ಕೆಳಗಿಳಿದು ಬರುತ್ತದೆ.

ಕಾಲ ಯಾವುದೆಂಬುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಮೇ ತಿಂಗಳಲ್ಲಿ ಪುಷ್ಪಪ್ರದರ್ಶನದ ಜಂಗುಳಿ. ಜೂನಿನ ಮೇಲೆ ನೈಋತ್ಯ ಮಾರುತ ಗೂಡಲೂರು, ಅವಲಾಂಚಿಗಳ ಕಡೆ ಸುರಿಯುತ್ತದೆ. 2019ರ ಆಗಸ್ಟಿನಲ್ಲಿ ಅವಲಾಂಚಿಯೊಂದರಲ್ಲಿಯೇ ಒಂದು ದಿನಕ್ಕೆ 80 ಸೆಂಟಿಮೀಟರಿಗೂ ಮಿಕ್ಕಿ ಮಳೆ ಬಿದ್ದಿತು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಜರಿದು ನೂರಾರು ಜನ ಮಲಗಿದ್ದಲ್ಲಿಯೇ ಮಣ್ಣುಪಾಲಾದರು. ಕೊಠಡಿಗೆ ಮುಂಗಡ ಕೊಟ್ಟಾಗಿದೆಯೆಂಬ ಒಂದೇ ಕಾರಣದಿಂದ ಮಳೆಯಲ್ಲಿ ಬೆಟ್ಟ ಹತ್ತುವವರು ಈ ದಿನಾಂಕವನ್ನು ನೆನೆಯಬೇಕು. ಅಕ್ಟೋಬರ್, ನವೆಂಬರ್‌ಗಳಲ್ಲಿ ಮಳೆ ಕೂನೂರು, ಕೋಟಗಿರಿಗಳ ಪೂರ್ವದ ಮಗ್ಗುಲಿಗೆ ತಿರುಗುತ್ತದೆ. ಡಿಸೆಂಬರಿನಿಂದ ಮಾರ್ಚಿಯವರೆಗೆ ಚಳಿಯಿದ್ದರೂ ಆಕಾಶ ತಿಳಿ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಕುರುಂಜಿಯನ್ನು ನೋಡಬೇಕೆಂಬವರು ಮಾತ್ರ 2018ರ ಮೇಲೆ ಹನ್ನೆರಡು ಎಣಿಸಿ 2030ಕ್ಕೆ ಕಾಯಬೇಕು.

ಕೆಕ್ಕನಹಳ್ಳದಲ್ಲಿ ಕರ್ನಾಟಕ ಮುಗಿದು ಮುದುಮಲೆ ಮೊದಲಾಗುತ್ತದೆ. ತೆಪ್ಪಕಾಡಿನ ಆನೆ ಶಿಬಿರದ ಬಳಿ ಮತ್ತೆ ಕವಲು. ಎಡಗಡೆಯ ಮಸಿನಗುಡಿ, ಕಲ್ಹಟ್ಟಿಯ ದಾರಿ ಹತ್ತಿರದ್ದು. ಆದರೆ ಮೂವತ್ತಾರು ಕಡಿದಾದ ತಿರುವುಗಳು ಒಂದರ ಮೇಲೊಂದು ಏರುತ್ತವೆ. 2018ರಲ್ಲಿ ಕಾರೊಂದು ಕಮರಿಗೆ ಬಿದ್ದು ಸಾವುಗಳಾದ ಮೇಲೆ ಹೊರಗಿನ ವಾಹನಗಳು ಅದರಲ್ಲಿ ಇಳಿಯದಂತೆ ತಡೆದಿದ್ದಾರೆ. ವಯಸ್ಸಾದವರಿರುವ ಸಂಸಾರ ಗೂಡಲೂರು, ನಡುವಟ್ಟಂ ದಾರಿಯನ್ನೇ ಹಿಡಿಯುವುದು ಒಳ್ಳೆಯದು. ಈ ಗೂಡಲೂರು ಸೀಮೆ ಮೊದಲು ವಯನಾಡಿಗೆ ಸೇರಿತ್ತು. 1877ರಲ್ಲಿ ನೀಲಗಿರಿಗೆ ಬಂದಿತು. ಘಾಟಿಯಲ್ಲಿ ಏರುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕು, ಏರಿದ ಗೇರಿನಲ್ಲಿಯೇ ಇಳಿಯಬೇಕು. ನಗರದ ಚಾಲಕರು ಬ್ರೇಕನ್ನೇ ನಂಬಿ ಅದು ಕಾದು ವಾಸನೆ ಬಂದಾಗ ಕಂಗೆಡುತ್ತಾರೆ.

ನೀಲಗಿರಿಯ ಸರೋವರಗಳೆಂದು ನಾವು ಮೆಚ್ಚಿ ನೋಡುವುವೆಲ್ಲ ಬಹುಮಟ್ಟಿಗೆ ಮನುಷ್ಯರು ಕಟ್ಟಿದವು. ಊಟಿಯ ಕೆರೆಯನ್ನು ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ 1820ರ ದಶಕದಲ್ಲಿ ತೊರೆಗಳಿಗೆ ಅಡ್ಡಗಟ್ಟಿ ಮಾಡಿಸಿದ. ಅದರ ದೋಣಿಗಳ ಗದ್ದಲದಲ್ಲಿ ಧರ್ಮಾಂಬುಧಿಯ ಬಸ್ಸುಗಳೇ ನೆನಪಾದರೆ ಆಶ್ಚರ್ಯವಿಲ್ಲ. ಪೈಕಾರದ ನೀರು 1930ರ ದಶಕದಿಂದ ವಿದ್ಯುತ್ತನ್ನು ಕೊಡುತ್ತಿದೆ. ಎಮರಾಲ್ಡ್, ಅವಲಾಂಚಿಗಳು ಕೊಲಂಬೊ ಯೋಜನೆಯಡಿ ಕೆನಡಾ ದೇಶದ ನೆರವಿನಿಂದ ನಿರ್ಮಿಸಿದ ಕುಂದಾ ವಿದ್ಯುತ್ ಯೋಜನೆಯ ಜಲಾಶಯಗಳು. ಕೆರೆಯ ದಡದಲ್ಲಿ ಮೌನವಾಗಿ ಕೂರಬೇಕೆಂಬ ಅಜ್ಜಿಯ ಆಸೆ ಊಟಿಯಲ್ಲಿ ಈಡೇರಲಾರದು. ಎಮರಾಲ್ಡಿನ ಹುಲ್ಲುಗಾವಲಿನ ಮಗ್ಗುಲಲ್ಲಿ ಈಡೇರೀತು.

ಆದರೆ ಕನ್ನಡಿಗನಿಗೆ ಈ ಬೆಟ್ಟಗಳಲ್ಲಿ ಕಾದಿರುವ ಸೊಗಸು ನೀರಿನಲ್ಲಿಲ್ಲ, ಹೆಸರಿನಲ್ಲಿದೆ. 2,637 ಮೀಟರು ಎತ್ತರದ ಅತ್ಯುನ್ನತ ಶಿಖರ ದೊಡ್ಡಬೆಟ್ಟ. ತಮಿಳುನಾಡಿನ ನೆತ್ತಿಗೆ ಈ ಹೆಸರಿಟ್ಟವರು ಬಡಗರು. ಬಡಗಣದಿಂದ, ಎಂದರೆ ಮೈಸೂರು ಸೀಮೆಯ ಕಡೆಯಿಂದ, ಶತಮಾನಗಳ ಹಿಂದೆ ಬೆಟ್ಟ ಹತ್ತಿದವರಾದ್ದರಿಂದ ಆ ಹೆಸರು. ಅವರ ನುಡಿ ಕನ್ನಡಕ್ಕೆ ಬಹು ಸಮೀಪದ್ದು. ಅವರ ಊರು ಹಟ್ಟಿ. ಅವರ ಕುಲದ ಹಿರಿಯಮ್ಮ ಹೆತ್ತೆ. ಆಕೆಯ ಹೆಸರಿನಲ್ಲಿ ಚಳಿಗಾಲದಲ್ಲಿ ನಡೆಯುವುದು ಹೆತ್ತೆ ಹಬ್ಬ. ಕೋಟಗಿರಿಯ ಕಡೆಯ ಚಹದ ತೋಟಗಳ ನಡುವೆ ಇಬ್ಬರು ಮುದುಕರು ಆಡುವ ಮಾತನ್ನು ಕಿವಿಗೊಟ್ಟು ಕೇಳಿದರೆ, ಪೂರ್ತಿ ಅರ್ಥವಾಗದಿದ್ದರೂ ಪೂರ್ತಿ ಪರಕೀಯವೆನಿಸುವುದಿಲ್ಲ.

ಹೋದ ದಾರಿಯಲ್ಲಿಯೇ ಮರಳುವುದು ಬಡತನದ ಯೋಜನೆ. ಕೋಟಗಿರಿಯಿಂದ ಮೇಟುಪಾಳ್ಯಕ್ಕಿಳಿದು, ಭವಾನಿ ಮೋಯಾರುಗಳು ಕೂಡುವ ಭವಾನಿಸಾಗರದ ಪಕ್ಕದಲ್ಲಿ ಹಾದು, ಬನ್ನಾರಿಯ ಅಮ್ಮನಿಗೆ ಕೈಮುಗಿದು ಇಪ್ಪತ್ತೇಳು ತಿರುವಿನ ದಿಂಬಂ ಘಾಟಿಯನ್ನು ಏರಬೇಕು. 2013ರಿಂದ ಇದೂ ಹುಲಿಗಳ ರಕ್ಷಿತಾರಣ್ಯ. 2022ರ ಫೆಬ್ರವರಿಯಿಂದ ಇಲ್ಲಿಯೂ ರಾತ್ರಿ ಸಂಚಾರಕ್ಕೆ ತಡೆಯುಂಟು. ಮೇಲೆ ಹಾಸನೂರಿನ ಬಳಿ ಎಡಕ್ಕೆ ತಿರುಗಿದರೆ ತಾಳವಾಡಿ. ಆಡಳಿತ ತಮಿಳುನಾಡಿನ ಈರೋಡು ಜಿಲ್ಲೆಯದು, ಮನೆಮಾತು ಕನ್ನಡ. ದೀಪಾವಳಿಯ ಮರುದಿನಗಳಲ್ಲಿ ಗುಮಟಾಪುರದವರು ಸಗಣಿ ಎರಚಿ ಗೊರೆಹಬ್ಬ ಆಡುವುದು ಇಲ್ಲಿಯೇ. 1929ರಲ್ಲಿ ರಾಜ್‌ಕುಮಾರ್ ಹುಟ್ಟಿದ ಗಾಜನೂರೂ ಇಲ್ಲಿಯದೇ. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಆ ಊರಿನಿಂದಲೇ ಒಯ್ದಾಗ, 108 ದಿನಗಳ ಕಾಲ ಈ ದಾರಿಗಳಲ್ಲಿ ರಜೆಯ ಮಾತನ್ನು ಯಾರೂ ಆಡಲಿಲ್ಲ. ಕಾವೇರಿಯ ನೀರಿಗಾಗಿ 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಬಸ್ಸುಗಳು ಉರಿದಾಗಲೂ ಗಡಿ ಮುಚ್ಚಿತು. ಮುಂಗಾರು ಸೋತ ವರ್ಷ ದಸರೆಯ ರಜೆಗೆ ಗಡಿ ದಾಟುವವರು ಹೊರಡುವ ಮುನ್ನ ವೃತ್ತಪತ್ರಿಕೆಯನ್ನು ನೋಡುವುದು ಇಂದಿಗೂ ರೂಢಿ.

ಪುಣಜನೂರಿನ ಠಾಣ್ಯ ದಾಟಿದರೆ ಚಾಮರಾಜನಗರ. ಅರಿಕುಠಾರವೆಂಬ ಊರಿಗೆ ಮುಮ್ಮಡಿ ಕೃಷ್ಣರಾಜರು 1818ರಲ್ಲಿ, ಅಲ್ಲಿ ಜನಿಸಿದ ತಮ್ಮ ತಂದೆಯ ಹೆಸರನ್ನಿಟ್ಟರು. ಬೆಂಗಳೂರಿನ ಚಾಮರಾಜಪೇಟೆಗೆ ಹೆಸರು ಬಂದದ್ದು ಬೇರೆಯ ಚಾಮರಾಜರಿಂದ, ಚಾಮರಾಜೇಂದ್ರ ಒಡೆಯರಿಂದ. ಎರಡನ್ನೂ ಒಬ್ಬರೆಂದು ತಿಳಿದವರು ಆ ಪೇಟೆಯಲ್ಲಿಯೇ ಅನೇಕರಿದ್ದಾರೆ. ಅಲ್ಲಿಂದ ಯಳಂದೂರು, ಕೊಳ್ಳೇಗಾಲ, ಮಳವಳ್ಳಿ, ಕನಕಪುರದ ಮೇಲೆ ಬಸವನಗುಡಿಯ ಬಾಗಿಲಿಗೇ ರಸ್ತೆ.

ಈ ಕೊನೆಯ ಹಾದಿಯಲ್ಲಿ ಈಗ ತಡೆಯುವವರು ಯಾರೂ ಇಲ್ಲ. 1956ರ ನವೆಂಬರ್ 1ಕ್ಕೆ ಮೊದಲು ಹಾಗಿರಲಿಲ್ಲ. ಪುಣಜನೂರಿನಲ್ಲಿ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಬಂದವನು, ಯಳಂದೂರು ಕಳೆದೊಡನೆ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲಕ್ಕೆ, ಎಂದರೆ ಮತ್ತೆ ಮದರಾಸಿಗೆ ಕಾಲಿಡುತ್ತಿದ್ದ. ಸತ್ತೇಗಾಲದ ಬಳಿ ಕಾವೇರಿಯನ್ನು ದಾಟಿದ ಮೇಲೆ ಮೂರನೆಯ ಬಾರಿ ಗಡಿ ಕಳೆದು ಮಳವಳ್ಳಿಯ ಮೈಸೂರನ್ನು ಸೇರುತ್ತಿದ್ದ. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಇತ್ತ ಬಂದಿತು, ತಾಳವಾಡಿ ಅತ್ತ ಉಳಿಯಿತು. ಶಿವನಸಮುದ್ರದ ಧಾರೆಯನ್ನು ನೋಡಬೇಕೆಂಬ ಮಕ್ಕಳಿದ್ದರೆ ಇಲ್ಲಿ ಒಂದು ಗಂಟೆಯನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ಕನಕಪುರ ರಸ್ತೆಯ ನಗರದಂಚಿನ ದಟ್ಟಣೆಗೆ ಇನ್ನೊಂದು ಗಂಟೆ.